ವಲೇರಿಯನ್ ಚೆಲ್ಲಿದ ಬಿಯರ್

ಬಿಯರ್ ಕುಡಿದ ಮೇಲೆ ಕೋಪಗೊಳ್ಳುವವರನ್ನು ನೀವು ನೋಡಿರುತ್ತೀರಿ. ನನ್ನದು ಬೇರೆ ಜಾತಿ. ನನಗೆ ಕುಡಿಯುವ ಮೊದಲೇ ಕೋಪ ಬರುತ್ತದೆ. ಲೋಟ ಮೇಜಿಗೆ ಬಂದು ಕೂತ ಕೂಡಲೇ, ಇದು ನನ್ನ ಬಿಯರ್ ಅಲ್ಲ ಎಂದು ಮೂಗಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಿನದು ಎದುರಿಗೆ ಕೂತವರ ಗ್ರಹಚಾರ.

ನನ್ನ ಬಿಯರ್ ಯಾವುದೆಂದು ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬಿಸ್ಕತ್ತು ಮುರಿದು, ಪುಡಿ ಮಾಡಿ, ಅದರಲ್ಲಿ ತೇವ ಎಷ್ಟಿದೆ ಎಂದು ನೋಡುವುದು ನನ್ನ ಉದ್ಯೋಗ. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಪದವಿ ಪಡೆದದ್ದು ಇದಕ್ಕೇ ಇರಬೇಕು. ಶುಕ್ರವಾರ ಸಂಜೆ ಕೆಲಸ ಮುಗಿದರೆ, ಗೋದಾಮುಗಳ ಸಾಲು ದಾಟಿ ಮೂಲೆಯ ಪಬ್ಬಿಗೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದವಳು ಮೋರೀನ್ ಎಂಬ ಐರಿಷ್ ಹೆಂಗಸು. ಅವಳು ಬಾರಿನ ಕೆಳಗಿದ್ದ ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುತ್ತಿದ್ದ ಕಪ್ಪು ಬಿಯರ್ ಒಂದಿತ್ತು. ಮೈಲ್ಡ್ ಎನ್ನುತ್ತಾರೆ, ಅಮಲು ಕಡಿಮೆ, ಬಣ್ಣ ಮಾತ್ರ ಡಿಕಾಕ್ಷನ್ನಿನದು. ಮೊದಲ ಗುಟುಕಿಗೆ ಹುರಿದ ಬಾರ್ಲಿಯ ಘಮ, ಆಮೇಲೆ ಚುರುಕಾದ ಕಹಿ, ಕೊನೆಗೆ ನಾಲಿಗೆಯ ಅಂಚಿನಲ್ಲಿ ಒಂದು ಒಗರು. ಈ ಒಗರನ್ನು ಇಂಗ್ಲಿಷರಿಗೆ ವಿವರಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವರ ಭಾಷೆಯಲ್ಲಿ ಅದಕ್ಕೊಂದು ಪದವಿದೆ, ಆದರೆ ಅದು ಔಷಧದ ಅಂಗಡಿಯ ಪದ. ಮನೆಯಲ್ಲಿ ಯಾರೂ ಬಳಸುವುದಿಲ್ಲ. ನಮ್ಮಲ್ಲಾದರೆ ಬಾಳೆಕಾಯಿ ಕಚ್ಚಿದ ಮಗುವೂ ಒಗರು ಎನ್ನುತ್ತದೆ.

ಹೀಗಿರುವಾಗ ಆ ಬಿಯರ್ ಮಾಡುತ್ತಿದ್ದ ಹಳೆಯ ಬ್ರೂವರಿಯನ್ನು ಯಾರೋ ದೊಡ್ಡವರು ಕೊಂಡುಕೊಂಡರು. ಬೀಗ ಹಾಕಿದರು. ಬಿಯರಿನ ಹೆಸರನ್ನು ಮಾತ್ರ ಉಳಿಸಿಕೊಂಡು, ಇನ್ನೆಲ್ಲೋ ದೂರದ ಊರಿನಲ್ಲಿ ಮಾಡಿ ಕಳಿಸತೊಡಗಿದರು. ಲೇಬಲ್ ಅದೇ, ಬಣ್ಣ ಅದೇ. ಒಳಗಿದ್ದದ್ದು ಸುಟ್ಟ ಸಕ್ಕರೆ ಕದಡಿದ ನೀರು. ನಾನು ಅವರಿಗೆ ಎರಡು ಪುಟಗಳ ಕಾಗದ ಬರೆದೆ. ಉತ್ತರವಾಗಿ ಅದೇ ಬಿಯರಿನ ಚಿತ್ರವಿದ್ದ ಒಂದು ಟೀ ಶರ್ಟು ಬಂತು. ಅದೂ ಸ್ಮಾಲ್ ಸೈಜ್. ನನ್ನ ಹೊಟ್ಟೆಯನ್ನು ಆ ಕಂಪನಿಯೇ ಬೆಳೆಸಿತ್ತು, ಅಳತೆಯಾದರೂ ಗೊತ್ತಿರಬಾರದೇ?

ಸ್ವಲ್ಪ ದಿನಕ್ಕೆ ಪಬ್ಬೂ ಮುಚ್ಚಿತು. ಕೆಡವಿ ಫ್ಲ್ಯಾಟ್ ಕಟ್ಟಿದರು. ಆ ಕಟ್ಟಡದ ಮುಂದೆ ನಿಂತು ಕನ್ನಡದಲ್ಲಿ ಬೈದು ಮನೆಗೆ ಬಂದವನು, ಆ ಬಿಯರನ್ನು ನಾನೇ ಮಾಡುತ್ತೇನೆ ಎಂದು ಹೆಂಡತಿಗೆ ಘೋಷಿಸಿದೆ.

ಮನೆಯಲ್ಲಿ ಬಿಯರ್ ಮಾಡುವುದು ಈ ದೇಶದಲ್ಲಿ ಕಾನೂನಿಗೆ ವಿರುದ್ಧವಲ್ಲ. ನಮ್ಮ ಮನೆಯ ಕಾನೂನು ಬೇರೆ. ವೆಂಬ್ಲಿಯ ನಮ್ಮ ಪುಟ್ಟ ಮನೆಯಲ್ಲಿ ವರ್ಷವಿಡೀ ಬೆಚ್ಚಗಿರುವ ಜಾಗ ಒಂದೇ: ಬಿಸಿನೀರಿನ ಟ್ಯಾಂಕ್ ಇರುವ ಕಪಾಟು. ಸುಮಿತ್ರಾ ಇಡ್ಲಿ ಹಿಟ್ಟು ಹುಳಿ ಬರಿಸಲು ಇಡುತ್ತಿದ್ದದ್ದು ಅಲ್ಲೇ. ಅದರ ಪಕ್ಕಕ್ಕೆ ನನ್ನ ಬಕೆಟ್ಟು ಹೋಗಿ ಕೂತಿತು.

"ರೀ, ಈ ಚಳೀಲಿ ಹಿಟ್ಟು ಉಬ್ಬೋದೇ ಕಷ್ಟ. ಅದಕ್ಕಿರೋ ಒಂದು ಜಾಗಾನೂ ಹೆಂಡಕ್ಕೆ ಕೊಟ್ಬಿಡ್ಲಾ?" ಎಂದಳು.

"ಹೆಂಡ ಅಲ್ಲ ಕಣೇ, ಮೈಲ್ಡು" ಎಂದೆ.

"ಡ್ಯಾಡ್, ಇಟ್ಸ್ ಜಸ್ಟ್ ಬಿಯರ್" ಎಂದಳು ಮಗಳು, ಟೀವಿಯಿಂದ ಕಣ್ಣು ತೆಗೆಯದೆ. ಆ 'ಜಸ್ಟ್' ಎಂಬ ಮಾತಿಗೆ ನಾನು ಒಂದು ವಾರ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಮೊದಲ ಬಿಯರ್ ಕೊಳೆತ ಸೇಬಿನಂತಿತ್ತು. ಆಮೇಲಿನದು ಬಾಟಲಿಯಲ್ಲೇ ಸಿಡಿದು ಕಪಾಟಿನ ಟವೆಲ್ಲುಗಳಿಗೆಲ್ಲ ಬಣ್ಣ ಹಚ್ಚಿತು. ಕಲಿಯಬೇಕೆಂದು ಮನೆಯಲ್ಲಿ ಬಿಯರ್ ಮಾಡುವವರ ಒಂದು ಸಂಘಕ್ಕೆ ಸೇರಿದೆ. ಅಲ್ಲಿ ನನ್ನ ಕೋಪಕ್ಕೆ ಹೊಸ ಹುಲ್ಲುಗಾವಲು ಸಿಕ್ಕಿತು. ಒಬ್ಬನಿಗೆ ಕಹಿ ಎಷ್ಟಾದರೂ ಸಾಲದು. ಅವನ ಬಿಯರ್ ಕುಡಿದರೆ ಬೇವಿನ ಕಷಾಯ ಕುಡಿದು ದೇವದಾರು ಮರ ನೆಕ್ಕಿದಂತೆ. ಇನ್ನೊಬ್ಬನಿಗೆ ಹೊಗೆಯ ವಾಸನೆ ಇರಬೇಕು. ಮತ್ತೊಬ್ಬ ಕೊತ್ತಂಬರಿ ಬೀಜವನ್ನೂ ಕಿತ್ತಳೆ ಸಿಪ್ಪೆಯನ್ನೂ ಹಾಕಿ, ಬೆಲ್ಜಿಯಮ್ಮಿನ ಸನ್ಯಾಸಿಗಳು ಹೀಗೇ ಮಾಡುತ್ತಾರೆ ಎನ್ನುತ್ತಿದ್ದ. ಕೊತ್ತಂಬರಿ ಬೀಜ ಹಾಕಿದ ಮೇಲೆ ಇನ್ನೊಂದಿಷ್ಟು ಮೆಣಸು ಜೀರಿಗೆ ಹಾಕಿ ಒಗ್ಗರಣೆ ಕೊಟ್ಟರೆ ಮುಗಿಯಿತಲ್ಲ! ನನ್ನ ಮೈಲ್ಡನ್ನು ಸ್ಪರ್ಧೆಗೆ ಇಟ್ಟಾಗ ತೀರ್ಪುಗಾರ ಮುಖ ಸಿಂಡರಿಸಿ, "ಈ ಶೈಲಿಗೆ ಇದು ಕಹಿ ಜಾಸ್ತಿ" ಎಂದ. ಶೈಲಿಯಂತೆ! ನಾನು ಶೈಲಿ ಕುಡಿಯುತ್ತಿದ್ದೆನೇ? ಶುಕ್ರವಾರ ಸಂಜೆ ಒಂದು ಲೋಟ ಬಿಯರ್ ಕುಡಿಯುತ್ತಿದ್ದೆ.

ಸಾರಿನ ವಿಷಯ ನೋಡಿ. ನಮ್ಮಲ್ಲಿ ಮನೆಗೊಂದು ಸಾರು. ಒಬ್ಬರಿಗೆ ಬೆಲ್ಲ ಬೇಕು, ಒಬ್ಬರಿಗೆ ಬೆಲ್ಲ ಹಾಕಿದರೆ ಅದು ಪಾಯಸ. ಆದರೂ ಸಾರಿಗೊಂದು ಶೈಲಿಯ ಪುಸ್ತಕ ಬರೆದು, ನಿಮ್ಮ ತಾಯಿ ಮಾಡಿದ್ದು ಅದಕ್ಕೆ ಹೊಂದುವುದಿಲ್ಲ ಎಂದು ಅಂಕ ಕಳೆಯುವ ಧೈರ್ಯ ಯಾರಿಗೂ ಬಂದಿಲ್ಲ. ಬಂದಿದ್ದರೆ ಅಂಥವನಿಗೆ ಯಾರ ಮನೆಯಲ್ಲೂ ಊಟ ಸಿಗುತ್ತಿರಲಿಲ್ಲ.

ಇಂಥ ಕಾಲದಲ್ಲಿ ಪರಿಚಯವಾದವನು ವಲೇರಿಯನ್. ಕನ್ನಡಿಗರ ರಾಜ್ಯೋತ್ಸವದ ಊಟಕ್ಕೆ ಬಂದಿದ್ದ. ಉಡುಪಿಯ ಕಡೆಯ ಕೊಂಕಣಿ ಕ್ಯಾಥೊಲಿಕ್ಕರವನು, ಪಾರ್ಕ್ ರಾಯಲ್‌ನಲ್ಲೇ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಸೂಪರ್ವೈಸರ್. ಬಿಸಿಬೇಳೆ ಭಾತಿನ ಸಾಲಿನಲ್ಲಿ ನಿಂತಾಗ ಮಾತಿಗೆ ಮಾತು ಬೆಳೆದು ಮೋರೀನಳ ಪಬ್ಬಿಗೆ ಬಂದು ನಿಂತಿತು. ಅವನ ಕಣ್ಣು ಅರಳಿತು. "ಆ ಮೈಲ್ಡು ಗೊತ್ತುಂಟಾ ನಿಮಗೆ? ಅಂಥಾ ಬಿಯರ್ ಇನ್ನು ಹುಟ್ಟುದಿಲ್ಲ ಮಾರಾಯ್ರೆ!" ಎಂದ. ಅವನಿಗೆ ವಾರಾಂತ್ಯದ ಪಾಳಿ. ಭಾನುವಾರ ಸಂಜೆ ಅದು ಮುಗಿಸಿ ಅದೇ ಬಾರಿನಲ್ಲಿ ಕೂರುತ್ತಿದ್ದನಂತೆ. ವರ್ಷಗಟ್ಟಲೆ ಒಂದೇ ಪಬ್ಬಿಗೆ ಹೋಗಿಯೂ ನಾವು ಒಮ್ಮೆಯೂ ಭೇಟಿಯಾಗಿರಲಿಲ್ಲ. ಕಳೆದುಹೋದ ಅಣ್ಣ ಸಿಕ್ಕಂತಾಯಿತು ನನಗೆ. ಆಗ ಹದಕ್ಕೆ ಬರುತ್ತಿದ್ದ ನನ್ನ ಹೊಸ ಮೈಲ್ಡಿನ ರುಚಿ ನೋಡಲು ಮನೆಗೆ ಕರೆದೆ.

ಅವನು ಬಂದ ದಿನ ಮನೆ ತುಂಬ ಜನ. ಸುಮಿತ್ರಾಳ ಅಣ್ಣ, ಅತ್ತಿಗೆ, ಎದುರುಮನೆಯ ಗುಜರಾತಿ ದಂಪತಿ. ಬಾಟಲಿ ತೆರೆದು, ನೊರೆ ಕೆಡದಂತೆ ಲೋಟಕ್ಕೆ ಇಳಿಸಿ ಕೊಟ್ಟೆ. ವಲೇರಿಯನ್ ಒಂದು ಗುಟುಕು ಕುಡಿದ. ಬಾಯಿಯಲ್ಲೇ ಹೊರಳಿಸಿದ. ಆಮೇಲೆ ನೆಟ್ಟಗೆ ಅಡುಗೆಮನೆಗೆ ಹೋಗಿ, ಲೋಟವನ್ನು ಸಿಂಕಿಗೆ ಬೋರಲು ಹಾಕಿದ.

"ಇದು ಅದಲ್ಲ ಮಾರಾಯ್ರೆ. ಅದು ಮೆತ್ತಗೆ ಇತ್ತು, ಒಂದು ಸಣ್ಣ ಹುಳಿ ಇತ್ತು. ಇದೆಂತದು, ಮುಳ್ಳು ನುಂಗಿದ ಹಾಗೆ?"

ತಿಂಗಳುಗಟ್ಟಲೆ ಬಾರ್ಲಿ ಹುರಿದು, ಹುರಿದದ್ದನ್ನು ಎಸೆದು, ಮತ್ತೆ ಹುರಿದು ಮಾಡಿದ್ದು. ನನ್ನ ಮನೆಯಲ್ಲಿ, ನನ್ನ ಸಿಂಕಿಗೆ, ನನ್ನ ಹೆಂಡತಿಯ ಅಣ್ಣನ ಎದುರಿಗೆ! ಸುಮಿತ್ರಾಳ ಅಣ್ಣ ನಕ್ಕ. ಅವನು ನಕ್ಕದ್ದೇ ದೊಡ್ಡದಾಯಿತು. "ನಿಮ್ಮ ನಾಲಗೆ ಎಲ್ಲಾದ್ರೂ ಅಡ ಇಟ್ಟಿದೀರೇನ್ರೀ? ಆ ಬಿಯರಲ್ಲಿ ಹುಳಿ ಎಲ್ಲಿತ್ತು?" ಎಂದೆ. ಅವನೂ ಬಿಡಲಿಲ್ಲ. ನನಗೆ ನೆನಪಿನ ಶಕ್ತಿ ಇಲ್ಲವೆಂದ. ಬಿಸ್ಕತ್ತಿನವನಿಗೆ ಹುಳಿ ಏರುವ ವಿಷಯ ಎಂತ ಗೊತ್ತೆಂದ. ಊಟ ಮಾಡದೆ ಹೊರಟ. ಅವನ ಹೆಂಡತಿ ಐರಿನ್ ತಂದಿದ್ದ ನೀರ್ದೋಸೆಯ ಡಬ್ಬ ಹಾಗೇ ನಮ್ಮ ಮನೆಯಲ್ಲಿ ಉಳಿಯಿತು.

ಅಲ್ಲಿಂದ ಕೆಲವು ವರ್ಷ ನಮ್ಮಿಬ್ಬರ ನಡುವೆ ಮಾತಿಲ್ಲ. ಊಟಗಳಲ್ಲಿ ಅವನು ಕೂತ ಸಾಲು ಬಿಟ್ಟು ನಾನು ಕೂರುತ್ತಿದ್ದೆ. ಅವನೂ ಸ್ಟ್ಯಾನ್ಮೋರಿನ ತನ್ನ ಮನೆಯ ಗ್ಯಾರೇಜಿನಲ್ಲಿ ಆ ಬಿಯರ್ ಮಾಡಲು ಹೊರಟಿದ್ದಾನೆ ಎಂಬ ಸುದ್ದಿ ಬಂತು. ನನಗೆ ಮೈ ಉರಿಯಿತು. ನನ್ನ ಬಿಯರನ್ನು ಚೆಲ್ಲಿದ್ದಲ್ಲದೆ ಕದಿಯಲೂ ಹೊರಟನೇ? ಸುಮಿತ್ರಾ ಮತ್ತು ಐರಿನ್ ಮಾತ್ರ ಈಲಿಂಗ್ ರೋಡಿನ ತರಕಾರಿ ಅಂಗಡಿಗಳಲ್ಲಿ ಭೇಟಿಯಾಗಿ, ಗಂಡಂದಿರ ಬುದ್ಧಿಯನ್ನು ಬೆಂಡೆಕಾಯಿಯ ಜೊತೆಗೇ ಮುರಿದು ನೋಡುತ್ತಿದ್ದರಂತೆ.

ಒಂದು ದಿನ ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತಿದ್ದೆ. ರಕ್ತದೊತ್ತಡಕ್ಕೆಂದೇ ಹೋಗಿದ್ದೆ, ಕಾರಣ ನಿಮಗೆ ಗೊತ್ತು. ಪಕ್ಕದ ಕುರ್ಚಿಯಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದವಳು ಮೋರೀನ್! ಕೂದಲು ಬೆಳ್ಳಗಾಗಿತ್ತು, ಗಂಟಲು ಹಾಗೇ ಇತ್ತು. ಹತ್ತಿರದಲ್ಲೇ ಸರಕಾರ ಬಾಡಿಗೆಗೆ ಕೊಡುವ ಒಂದು ಫ್ಲ್ಯಾಟಿನಲ್ಲಿ ಇದ್ದಾಳಂತೆ. ನನಗೆ ಸಾಕ್ಷಾತ್ ಸುಪ್ರೀಂ ಕೋರ್ಟೇ ಪಕ್ಕಕ್ಕೆ ಬಂದು ಕೂತಂತಾಯಿತು. ಆ ಬಿಯರನ್ನು ಇವಳಷ್ಟು ಬಲ್ಲವರು ಯಾರು? ಮಾರನೆಯ ದಿನವೇ ಎರಡು ಬಾಟಲಿ ಹಿಡಿದು ಅವಳ ಮನೆಗೆ ಹೋದೆ.

ಅವಳು ಕುಡಿದಳು. ಕಣ್ಣು ಮುಚ್ಚಿಕೊಂಡಳು.

"ಇದೇ, ಲವ್" ಎಂದಳು. ಅವಳಿಗೆ ಎಲ್ಲರೂ ಲವ್. "ಶುಕ್ರವಾರದ್ದು."

"ಶುಕ್ರವಾರದ್ದು ಅಂದರೆ?"

"ಬ್ರೆಡ್ ಕಾರ್ಖಾನೆಯವನೊಬ್ಬ ಹೋದ ತಿಂಗಳು ತಂದುಕೊಟ್ಟ, ಅದು ಭಾನುವಾರದ್ದು. ಅದೂ ಸರಿಯಾಗೇ ಮಾಡಿದ್ದಾನೆ."

ಅವಳು ವಿವರಿಸಿದಳು. ಹೊಸ ಪೀಪಾಯಿ ತೆರೆಯುತ್ತಿದ್ದದ್ದು ಶುಕ್ರವಾರ. ಅವತ್ತು ಬಿಯರಿನಲ್ಲಿ ಗುಳ್ಳೆಯ ಚುರುಕು, ಕಹಿ, ಒಗರು ಎಲ್ಲ ಇರುತ್ತಿತ್ತು. ಒಂದೊಂದು ಲೋಟ ಎಳೆದಂತೆ ಪೀಪಾಯಿಯ ಒಳಗೆ ಗಾಳಿ ಹೋಗುತ್ತದೆ. ಭಾನುವಾರ ಸಂಜೆಗೆ ಚುರುಕು ಇಳಿದು, ಕಹಿ ಮೆತ್ತಗಾಗಿ, ತುಸು ಹುಳಿ ಹತ್ತುತ್ತದೆ. "ನ್ಯಾಯವಾಗಿ ಅದನ್ನು ಚೆಲ್ಲಬೇಕಿತ್ತು. ಅವನು ಅಷ್ಟೊಂದು ಹೊಗಳುತ್ತಿದ್ದ. ಹೇಗೆ ಚೆಲ್ಲುವುದು? ಅವನಿಗೇ ಕೊಡುತ್ತಿದ್ದೆ."

ಇಂಥ ಸಂತೋಷ ನನಗೆ ಮಗಳು ಹುಟ್ಟಿದಾಗಲೂ ಆಗಿತ್ತೋ ಇಲ್ಲವೋ. ಚೆಲ್ಲಬೇಕಾದ ಬಿಯರ್! ಮಹಾನುಭಾವ ವರ್ಷಗಟ್ಟಲೆ ಕುಡಿದದ್ದು ಕೆಟ್ಟ ಬಿಯರ್. ಈಗ ಗ್ಯಾರೇಜಿನಲ್ಲಿ ಕೂತು ಕಷ್ಟಪಟ್ಟು ಮಾಡುತ್ತಿರುವುದೂ ಕೆಟ್ಟ ಬಿಯರ್. ಮೋರೀನಳ ಮನೆಯಿಂದ ನೇರವಾಗಿ ವೆಂಬ್ಲಿ ಪಾರ್ಕ್ ಸ್ಟೇಷನ್ನಿಗೆ ಹೋಗಿ ಜುಬಿಲಿ ಲೈನಿನ ರೈಲು ಹತ್ತಿದೆ. ಸ್ಟ್ಯಾನ್ಮೋರಿನವರೆಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದೆ. ಎದುರಿನ ಸೀಟಿನವಳು ಎದ್ದು ಬೇರೆ ಡಬ್ಬಿಗೆ ಹೋದಳು. ನಾನು ಬಾಯಿಬಿಟ್ಟೇ ಮಸೆಯುತ್ತಿದ್ದೆ ಎಂದು ಕಾಣುತ್ತದೆ.

ಬಾಗಿಲು ತೆರೆದ ವಲೇರಿಯನ್ ತಬ್ಬಿಬ್ಬಾದ. "ಬನ್ನಿ" ಎಂದ. ನಾನು ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ನಿಂತೇ ಎಲ್ಲ ಹೇಳಿದೆ. ಶುಕ್ರವಾರ, ಭಾನುವಾರ, ಗಾಳಿ, ಹುಳಿ. ಕೊನೆಗೆ, "ನೀವು ಕುಡಿದದ್ದು ಚೆಲ್ಲೋ ಬಿಯರ್ ಕಣ್ರೀ. ಚೆಲ್ಲಿದ್ದು ಮಾತ್ರ ನನ್ನ ಬಿಯರ್!" ಎಂದು ಮುಗಿಸಿದೆ.

ಅವನು ಬಾಗಿಲಿಗೆ ಒರಗಿ ನಿಂತ. ಆಮೇಲೆ ನಿಧಾನವಾಗಿ ಹೇಳಿದ: "ನಮ್ಮಲ್ಲಿ ಶೇಂದಿ ಉಂಟಲ್ಲ, ಬೆಳಿಗ್ಗೆ ಇಳಿಸಿದ್ದು ಸಿಹಿ. ಅದು ಮಕ್ಕಳಿಗೂ ಆಗ್ತದೆ. ಸಂಜೆಗೆ ಹುಳಿ ಬರ್ತದೆ. ನಮ್ಮ ಅಪ್ಪನಿಗೆ ಸಂಜೆದ್ದೇ ಬೇಕು. ಹಾಳಾದ ಶೇಂದಿ ಕುಡಿತಾನೆ ಅಂತ ಅಪ್ಪನಿಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ."

ನಾನು ಮನೆಯ ಇಡ್ಲಿ ಹಿಟ್ಟನ್ನೇ ನೆನೆದುಕೊಂಡೆ. ಹುಳಿ ಬಾರದಿದ್ದರೆ ಅದನ್ನು ಹಾಳಾಯಿತು ಎನ್ನುವವರು ನಾವು. ಇದು ಹೊಳೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಅವತ್ತು ಸಿಂಕಿಗೆ ಹಾಕಿದ್ದು ತಪ್ಪು" ಎಂದ ವಲೇರಿಯನ್. "ಅದು ಮಾಡಬಾರದಿತ್ತು. ಐರಿನ್ ಇವತ್ತಿಗೂ ಬೈತಾಳೆ." ಕೂಡಲೇ, "ಆದರೆ ಮುಳ್ಳು ಮುಳ್ಳಾಗಿ ಇದ್ದದ್ದು ಹೌದು" ಎಂದ.

"ಬರೋ ಶುಕ್ರವಾರ ನಮ್ಮನೇಗೆ ಬನ್ನಿ" ಎಂದೆ. ಹಲ್ಲು ಕಚ್ಚಿಕೊಂಡೇ ಎಂದೆ. "ಬಾಟಲಿ ಅಲ್ಲ. ಪೀಪಾಯೀಲಿ ಇಟ್ಟಿದೀನಿ. ಶುಕ್ರವಾರ ಕುಡೀರಿ, ಭಾನುವಾರಾನೂ ಬಂದು ಅದನ್ನೇ ಕುಡೀರಿ. ಯಾವುದು ಬಿಯರ್ ಅಂತ ಆವಾಗ ಹೇಳಿ."

ಬಂದ. ಶುಕ್ರವಾರ ಹೊಸದಾಗಿ ತೆರೆದದ್ದನ್ನು ಒಂದು ಲೋಟ ಪೂರ್ತಿ ಕುಡಿದ, ಔಷಧಿ ಕುಡಿಯುವ ಮಗುವಿನ ಮುಖ ಮಾಡಿಕೊಂಡು. ನಾನು ಎರಡು ಕುಡಿದೆ. ಉಳಿದದ್ದಕ್ಕೆ ಬೇಕೆಂದೇ ಗಾಳಿಯಾಡಲು ಬಿಟ್ಟೆ. ಅವನ ರುಚಿ ಎಷ್ಟು ಹಾಳೆಂದು ಮನೆಮಂದಿಗೆಲ್ಲ ತೋರಿಸಬೇಕಿತ್ತು. ಭಾನುವಾರ ಇಬ್ಬರೂ ಐರಿನ್, ಸುಮಿತ್ರಾ ಜೊತೆ ಊಟಕ್ಕೆ ಕೂತೆವು. ಪೀಪಾಯಿಯ ನಲ್ಲಿ ತಿರುಗಿಸಿದೆ. ಗುಳ್ಳೆ ಇರಲಿಲ್ಲ, ನೊರೆ ತೆಳುವಾಗಿತ್ತು. ವಲೇರಿಯನ್ ಒಂದು ಗುಟುಕು ಕುಡಿದ. ಅವನ ಕಣ್ಣಂಚು ಒದ್ದೆಯಾಯಿತು. ನಾನು ಮೂಗು ಮುರಿಯಲು ಸಿದ್ಧನಾಗಿ ನನ್ನ ಲೋಟ ಎತ್ತಿದೆ.

ಕಹಿ ಮೆತ್ತಗಾಗಿತ್ತು. ಹುಳಿ ಇದ್ದೂ ಇಲ್ಲದಂತೆ ಬಂದು, ಬಾರ್ಲಿಯ ಘಮವನ್ನು ಒಂದು ಮೆಟ್ಟಿಲು ಮೇಲಕ್ಕೆ ಎತ್ತಿತ್ತು. ಅಷ್ಟು ವರ್ಷ ವಾರಕ್ಕೆ ಇನ್ನೊಂದು ದಿನ ಆ ಪಬ್ಬಿಗೆ ಹೋಗದೆ ಹೋದೆನಲ್ಲ!

"ಹೇಗುಂಟು?" ಎಂದ ವಲೇರಿಯನ್.

"ಪರವಾಗಿಲ್ಲ" ಎಂದೆ, ಲೋಟ ಮತ್ತೆ ನಲ್ಲಿಯ ಕೆಳಗೆ ಹಿಡಿಯುತ್ತ. ಜೀವಮಾನದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದೇ ಇಲ್ಲ.