ಕಾಂತಿ ಲೇಹ್ಯಕ್ಕೆ ನಾನು ಹೇಳಿದ ಪಥ್ಯ

ಸೌಂದರ್ಯವೆಂಬುದು ಹೊರಗಿನಿಂದ ಬಳಿಯುವ ವಸ್ತುವಲ್ಲ, ಒಳಗಿನಿಂದ ಉದಿಸಿ ಬರುವ ಬೆಳಕು. ಈ ಮಹಾವಾಕ್ಯವನ್ನು ನಾನೇ ರಚಿಸಿ, ಹರಪನಹಳ್ಳಿಯ ಒಂದು ಪ್ರೆಸ್ಸಿನಲ್ಲಿ ಕೆಂಪು ಮಸಿಯಲ್ಲಿ ಅಚ್ಚು ಹಾಕಿಸಿ, ಡಬ್ಬಿಗಳ ಮೇಲೆ ಮೈದಾ ಅಂಟಿನಿಂದ ಅಂಟಿಸಿ ಹಲವು ವರ್ಷ ಮಾರಿದೆ. ಡಬ್ಬಿಯೊಳಗಿನ ಲೇಹ್ಯ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಅದನ್ನು ವ್ಯಾಪಾರ ಎಂದು ಕರೆದು ಸುಮ್ಮನಾಗಬಹುದಿತ್ತು. ನಿಲ್ಲಲಿಲ್ಲ — ಆ ಸುಳ್ಳಿನ ಮಾನ ಉಳಿಸಲು ಸುಮಂಗಲಾ ಎಂಬ ಹುಡುಗಿಯ ಪಿ.ಯು.ಸಿ. ಪರೀಕ್ಷೆಯನ್ನು ನಾನು ತಪ್ಪಿಸಿದೆ.

ಕೊಟ್ಟೂರಿನ ಪೇಟೆಯಲ್ಲಿ ನನ್ನದು ಗ್ರಂಥಿಗೆ ಅಂಗಡಿ. ಬೇರು, ತೊಗಟೆ, ಹೂವು, ಕಾಯಿ — ಒಣಗಿಸಿ ಚೀಲದಲ್ಲಿ ತುಂಬಲು ಬರುವುದೆಲ್ಲವೂ ನಮ್ಮ ಸರಕೇ. ಅಪ್ಪ ಒಂದು ಲೇಹ್ಯ ಕಾಯಿಸುತ್ತಿದ್ದರು. ಮಂಜಿಷ್ಠದ ಕೆಂಪು ಬೇರು, ಸೊಗದೆ ಬೇರು, ನೆಲ್ಲಿಕಾಯಿ, ಗುಲಾಬಿ ಪಕಳೆ, ಒಣದ್ರಾಕ್ಷಿ, ಬೆಲ್ಲ, ತುಪ್ಪ. ಮೈಗೆ ಕಜ್ಜಿಯಾದ ಮಕ್ಕಳಿಗೂ ಹೊಟ್ಟೆ ಕಟ್ಟಿದ ಮುದುಕರಿಗೂ ಅದನ್ನೇ ಕೊಡುತ್ತಿದ್ದರು. "ಹುಳಿ ಒಂಚೂರು ಕಡಿಮಿ ಮಾಡ್ರಿ" ಎನ್ನುವುದು ಅವರು ಹೇಳುತ್ತಿದ್ದ ಒಟ್ಟು ಪಥ್ಯ. ಅಪ್ಪ ತೀರಿಕೊಂಡರು, ಊರಿಗೆ ಟೀವಿ ಬಂತು, ಟೀವಿಯೊಳಗೆ ಮುಖಕ್ಕೆ ಹಚ್ಚುವ ಕ್ರೀಮು ಬಂತು. ಹೆಣ್ಣುಮಕ್ಕಳು ನನ್ನ ಅಂಗಡಿಯನ್ನು ದಾಟಿ ಮೂಲೆಯ ಫ್ಯಾನ್ಸಿ ಸ್ಟೋರಿಗೆ ಹೋಗತೊಡಗಿದರು. ಅವರು ಹಚ್ಚಲಿ, ನಾನು ತಿನ್ನಿಸುತ್ತೇನೆ ಎಂದುಕೊಂಡೆ.

ಅಪ್ಪನ ಲೇಹ್ಯಕ್ಕೆ 'ಕಾಂತಿ ಲೇಹ್ಯ' ಎಂದು ನಾಮಕರಣವಾಯಿತು. ಪ್ರೆಸ್ಸಿನವನ ಬಳಿ ಹೆಣ್ಣಿನ ಚಿತ್ರದ ಅಚ್ಚಿನ ಬ್ಲಾಕು ಇದ್ದದ್ದು ಒಂದೇ, ಯಾವುದೋ ಸೀರೆ ಅಂಗಡಿಯ ಜಾಹೀರಾತಿನದು. ಆಕೆಯೇ ನನ್ನ ಡಬ್ಬಿಯ ಮೇಲೂ ಕೂತಳು. ಆಕೆ ನನ್ನ ಲೇಹ್ಯ ತಿಂದವಳಲ್ಲ ಎಂಬುದನ್ನು ಈ ಮೂಲಕ ಸ್ಪಷ್ಟಪಡಿಸುತ್ತೇನೆ. 'ಕೇಸರಿಯುಕ್ತ' ಎಂದೂ ಅಚ್ಚಾಗಿತ್ತು. ಕೇಸರಿ ಇದ್ದದ್ದು ಡಬ್ಬಿಯ ಮೇಲೆ ಮಾತ್ರ. ಮಂಜಿಷ್ಠದ ದೆಸೆಯಿಂದ ತಿಂದವರ ನಾಲಿಗೆ ಕೆಂಪಗಾಗುತ್ತಿತ್ತು. ಒಳಗಿನ ಕೆಂಪು ನಾಳೆ ಕೆನ್ನೆಗೂ ಬರುತ್ತದೆ ಎಂದು ಜನ ತಾವೇ ಅರ್ಥ ಮಾಡಿಕೊಂಡರು. ನಾನು ಅಡ್ಡಿಪಡಿಸಲಿಲ್ಲ.

ನನ್ನ ನಿಜವಾದ ಸಂಶೋಧನೆಯೆಂದರೆ ಪಥ್ಯ. ಒಂದು ಮಂಡಲ ಕಾಲ ಲೇಹ್ಯ ತಿನ್ನುವವರು ಹುಳಿ ಮುಟ್ಟಬಾರದು, ಬದನೆಕಾಯಿ ತಿನ್ನಬಾರದು, ಬಿಸಿಲಿಗೆ ಹೋಗಬಾರದು. ಪುಂಡಿಪಲ್ಯದ ಹುಳಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯದ ಸೀಮೆ ನಮ್ಮದು. ಬಿಸಿಲಂತೂ ಇಲ್ಲಿ ಮನೆಯ ಸದಸ್ಯನಿದ್ದಂತೆ. ಹೀಗಾಗಿ ಲೇಹ್ಯ ಫಲ ಕೊಡಲಿಲ್ಲವೆಂದು ಒಬ್ಬರೂ ಜಗಳಕ್ಕೆ ಬರಲಿಲ್ಲ. ಎಲ್ಲರಿಗೂ ತಾವು ಯಾವತ್ತೋ ಪುಂಡಿಪಲ್ಯ ತಿಂದದ್ದು ನೆನಪಾಗುತ್ತಿತ್ತು. ನಾಚಿಕೊಂಡು ಇನ್ನೊಂದು ಡಬ್ಬಿ ಒಯ್ಯುತ್ತಿದ್ದರು. ಗೆದ್ದರೆ ನನ್ನ ಲೇಹ್ಯ, ಸೋತರೆ ಅವರ ನಾಲಿಗೆ — ಇಂಥ ಭದ್ರವಾದ ಏರ್ಪಾಟು ಸರ್ಕಾರಕ್ಕೂ ಇಲ್ಲ.

ಈ ಏರ್ಪಾಟಿಗೆ ಬಂದ ಒಂದೇ ಅಪಾಯ ಸುಮಂಗಲಾ. ಆಕೆ ಪಥ್ಯ ಮಾಡಿದಳು.

ಕೊಟ್ಟೂರಿನ ಪಕ್ಕದ ಹಳ್ಳಿಯ ಚನ್ನಬಸಪ್ಪನವರ ಮಗಳು. ಮೆಕ್ಕೆಜೋಳದ ವ್ಯಾಪಾರದ ಮನೆ, ಮಾತಿಗೆ ತೂಕವಿದ್ದ ಮನುಷ್ಯ. ಹುಡುಗಿ ಎಣ್ಣೆಗಪ್ಪು, ಓದಿನಲ್ಲಿ ಚುರುಕು, ಎರಡನೇ ವರ್ಷದ ಪಿ.ಯು.ಸಿ. ಯುಗಾದಿ ಕಳೆದು ಹೂವಿನಹಡಗಲಿಯಿಂದ ಬೀಗರು ಹೆಣ್ಣು ನೋಡಲು ಬರುವವರಿದ್ದರು. ಅದಕ್ಕೆ ಮುಂಚೆ ಬಣ್ಣ ತಿರುಗಬೇಕು ಎಂದು ಅಪ್ಪ ಡಬ್ಬಿ ಒಯ್ದರು. ಕೆಲವು ವಾರ ಕಳೆದು, ಮಗಳನ್ನೂ ಕರೆದುಕೊಂಡು ಅಂಗಡಿಗೆ ಬಂದರು.

"ವೀರಣ್ಣಾರ, ನೋಡ್ರಿ ಈಕಿನ್ನ. ಹೆಂಗಿದ್ಲು ಹಂಗ ಅದಾಳ."

"ಪಥ್ಯ ತಪ್ಪಿರಬೇಕ್ರಿ" ಎಂದೆ. ಈ ವಾಕ್ಯ ನನ್ನ ಬಾಯಿಂದ ತಾನೇ ಹೊರಡುತ್ತಿತ್ತು.

"ಇಲ್ರಿ ಕಾಕಾ" ಎಂದಳು ಸುಮಂಗಲಾ. ತಗ್ಗಿದ ದನಿ, ಆದರೆ ಅಳುಕಿಲ್ಲ. "ಹುಳಿ ಮುಟ್ಟಿಲ್ಲ. ಬರೇ ಹಾಲು ರೊಟ್ಟಿ ಉಣ್ಣಾಕತ್ತೀನಿ. ಕಾಲೇಜಿಗೂ ಕೊಡಿ ಹಿಡ್ಕಂಡ ಹೋಗ್ತೀನಿ. ಮುಂದಿನ ವಾರ ಪರೀಕ್ಷಿ ಐತ್ರಿ. ಬಿಸಿಲಾಗ ಹೋಗಿ ಬರದ್ರ... ಏನಾರ ಆಕ್ಕೈತೇನ್ರಿ?"

ಅಂಗಡಿಯ ಕಟ್ಟೆಯ ಮೇಲೆ ಆಗ ನಾಲ್ಕೈದು ಜನ ಹೆಂಗಸರು ಕೂತಿದ್ದರು. ಎಲ್ಲರೂ ಲೇಹ್ಯಕ್ಕೇ ಬಂದವರು. ಎಲ್ಲರೂ ಆಕೆಯ ಮುಖ ನೋಡಿದರು, ಆಮೇಲೆ ನನ್ನ ಮುಖ. ಏನೂ ಆಗೋದಿಲ್ಲವ್ವ, ಹೋಗಿ ಬರಿ — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅಂಗಡಿಯೇನೂ ಮುಳುಗುತ್ತಿರಲಿಲ್ಲ. ಸ್ವಲ್ಪ ನಾಚಿಕೆಯಾಗುತ್ತಿತ್ತು... ಆ ಸ್ವಲ್ಪ ನಾಚಿಕೆಯನ್ನು ತಪ್ಪಿಸಿಕೊಳ್ಳಲು ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ.

"ಅಲ್ಲೇ ಐತಿ ನೋಡ್ರಿ ತಪ್ಪು. ಬಿಸಿಲು. ಲೇಹ್ಯ ಮೈಯಾಗ ಇಳಿಯೋ ಹೊತ್ತಿನಾಗ ಬಿಸಿಲು ಬಡದ್ರ ಉಲ್ಟಾ ಹೊಡಿತೈತಿ. ಇದ್ದ ಬಣ್ಣಾನೂ ಹೋಗತೈತಿ."

ಸುಮಂಗಲಾ ಅಪ್ಪನ ಕಡೆ ತಿರುಗಿದಳು. ಚನ್ನಬಸಪ್ಪನವರು ಬಹಳ ಯೋಚಿಸಲಿಲ್ಲ. "ಪರೀಕ್ಷಿ ಮುಂದಿನ ವರ್ಷಾನೂ ಬರತೈತಿ. ಬೀಗರು ಬರ್ತಾರೇನು?" ಎಂದರು. ಕಟ್ಟೆಯ ಮೇಲಿನ ಹೆಂಗಸರು ಹೌದು ಹೌದು ಎಂದರು. ಹೋಗುವಾಗ ಸುಮಂಗಲಾ ಕೊಡೆ ಬಿಚ್ಚಿದಳು — ಅಷ್ಟು ಹೊತ್ತಿಗೆ ಸಂಜೆಯಾಗಿತ್ತು, ಬಿಸಿಲೇ ಇರಲಿಲ್ಲ. ಆದರೂ ಬಿಚ್ಚಿದಳು. ಆ ಕೊಡೆ ನನ್ನ ಕಣ್ಣ ಮುಂದಿನಿಂದ ಈವರೆಗೂ ಮಡಚಿಕೊಂಡಿಲ್ಲ.

ಪರೀಕ್ಷೆ ಮುಗಿಯುವವರೆಗೆ ಹುಡುಗಿಯನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಬೀಗರು ಬಂದರು, ನೋಡಿದರು, ಒಪ್ಪಿದರು. ಬಣ್ಣ ಇದ್ದಂತೆಯೇ ಇತ್ತು. ಬಂದವರು ಮಲ್ಲಿಗೆ ತೋಟದ ಜನ, ಬಣ್ಣಕ್ಕಿಂತ ಕೈ ಚುರುಕು ಇರಲಿ ಎನ್ನುವವರು. ಆದರೆ ಕೀರ್ತಿ ಮಾತ್ರ ಲೇಹ್ಯದ ಪಾಲಾಯಿತು. ಚನ್ನಬಸಪ್ಪನವರು ಮದುವೆಯ ಪಂಕ್ತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಹತ್ತು ಊರಿನವರಿಗೆ ಪರಿಚಯ ಮಾಡಿಕೊಟ್ಟರು. ಕೈಯಲ್ಲಿ ಅರ್ಧ ತಿಂದ ಹೋಳಿಗೆ ಹಿಡಿದು ನಾನು ವಿನಯದಿಂದ ತಲೆ ಬಾಗಿಸಿದೆ. ಮುಂದಿನ ವರ್ಷದ ಪರೀಕ್ಷೆ ಬಂತು, ಹೋಯಿತು. ಹಡಗಲಿಯಲ್ಲಿ ಸುಮಂಗಲಾ ಆಗ ಬಸುರಿ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಬೇಕಾದ್ದು ಏನಿದೆ ಎಂದು ವಾದಿಸಿಕೊಳ್ಳುತ್ತಿದ್ದೆ. ಒಳ್ಳೆಯ ಮನೆ, ಒಳ್ಳೆಯ ಗಂಡ, ಮಕ್ಕಳು... ಆದರೆ ಪ್ರತಿ ವರ್ಷ ಪರೀಕ್ಷೆಯ ಕಾಲಕ್ಕೆ ಬರೆಯುವ ರಟ್ಟು ಎದೆಗವಚಿಕೊಂಡು ಹುಡುಗಿಯರು ಅಂಗಡಿಯ ಮುಂದೆ ಹಾದು ಹೋಗುತ್ತಾರಲ್ಲ, ಆಗ ನಾನು ಒಳಗೆ ಹೋಗಿ ಬೇರಿನ ಚೀಲಗಳನ್ನು ಜೋಡಿಸುತ್ತಿದ್ದೆ. ನಮ್ಮ ಅಂಗಡಿಯ ಚೀಲಗಳು ಮಾರ್ಚ್ ತಿಂಗಳಲ್ಲಿ ಇದ್ದಷ್ಟು ಓರಣವಾಗಿ ಬೇರೆ ಯಾವ ತಿಂಗಳಲ್ಲೂ ಇರುತ್ತಿರಲಿಲ್ಲ.

ಹೀಗೇ ವರ್ಷಗಳು ಹೋದವು. ಕೊಟ್ಟೂರಿಗೆ ಮೊಬೈಲು ಬಂತು. ಅಂಥ ಒಂದು ಮಾರ್ಚಿನಲ್ಲಿ ಚನ್ನಬಸಪ್ಪನವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದರು. ಕೂದಲು ಪೂರಾ ಬೆಳ್ಳಗಾಗಿತ್ತು. ಆ ಯಶಸ್ಸು ಲೇಹ್ಯದ್ದಲ್ಲ.

"ನಮ್ಮ ಸುಮಂಗಲಾಗ ಕೊಟ್ಟಿದ್ರೆಲ್ಲ, ಅದನ್ನ ಕೊಡ್ರಿ. ಆಕಿ ಮಗಳು ಅಶ್ವಿನಿಗೆ. ಸಂಬಂಧ ಬಂದೈತಿ. ಅವ್ವನ ಬಣ್ಣಾನ ಬಂದೈತಿ ಅದಕ್ಕೂ."

"ಓದ್ತಾಳೇನ್ರಿ?" ಎಂದೆ.

"ಎರಡನೇ ಪೀಯೂಸಿ. ಪರೀಕ್ಷಿ ಬಿಡಿಸೀನಿ. ಬಿಸಿಲು ಆಗಂಗಿಲ್ಲಲ್ರಿ?" ನನ್ನ ಪಥ್ಯ ನನಗಿಂತ ಅವರಿಗೇ ಚೆನ್ನಾಗಿ ನೆನಪಿತ್ತು. "ಅವ್ರವ್ವ ಬ್ಯಾಡ ಅಂತ ಕುಣದಾಡಿದ್ಲು. ನಿನಗೇನು ಕಡಿಮಿ ಆತಲೇ ಅಂದೆ. ಹಾಲ್ ಟಿಕೆಟ್ಟು ಇಲ್ಲೈತಿ ನೋಡ್ರಿ, ಇನ್ನ ಹೆಂಗ ಹೋಗ್ತಾಳ?" ಎಂದು ಅಂಗಿಯ ಜೇಬು ತಟ್ಟಿದರು.

ಆ ಜೇಬನ್ನು ನೋಡುತ್ತಾ ನಾನು ಹೇಳಿದೆ — "ಚನ್ನಬಸಪ್ಪಾರ, ಲೇಹ್ಯ ಸುಳ್ಳು. ಪಥ್ಯಾನೂ ಸುಳ್ಳು."

ಇಷ್ಟು ವರ್ಷ ಹೊತ್ತಿದ್ದನ್ನು ಇಳಿಸಿದರೆ ಗುಡುಗು ಸಿಡಿಲು ಆಗುತ್ತದೆಂದು ನಿರೀಕ್ಷಿಸಿದ್ದೆ. ಚನ್ನಬಸಪ್ಪನವರು ನಕ್ಕರು. "ಮಾಲು ಇಲ್ಲಂದ್ರ ಇಲ್ಲ ಅನ್ರಿ. ನಾಳೆ ಬರ್ತೀನಿ" ಎಂದರು. ಅಲ್ಲ, ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. "ದೊಡ್ಡವರು ಹಿಂಗ ಅಂತೀರಿ. ನಿಮ್ಮ ಕೈಗುಣ ನಮಗ ಗೊತ್ತಿಲ್ಲೇನು?" ಎಂದರು. ನಾನು ತಪ್ಪೊಪ್ಪಿಕೊಂಡಷ್ಟೂ ಅವರ ದೃಷ್ಟಿಯಲ್ಲಿ ದೊಡ್ಡ ವೈದ್ಯನಾಗುತ್ತಾ ಹೋದೆ. ಸತ್ಯ ಹೇಳಿ ಇಷ್ಟು ಅವಮಾನಕ್ಕೆ ಗುರಿಯಾದವರು ಕಡಿಮೆ.

ಕೊನೆಗೆ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ಬಾಗಿಲ ಬೆಳಕಿಗೆ ನಿಂತೆ.

"ನನ್ನ ಮುಖ ನೋಡ್ರಿ."

ನೋಡಿದರು.

"ಹುಟ್ಟಿದಾಗಿಂದ ಈ ಲೇಹ್ಯದ ಸೌಟು ನೆಕ್ಕೀನಿ. ಬಾಣಲಿ ತಳ ಕೆರಕಂಡು ತಿಂದೀನಿ. ಕೊಟ್ಟೂರಾಗ ಇದನ್ನ ನನ್ನಷ್ಟು ತಿಂದವರು ಯಾರೂ ಇಲ್ಲ. ಈಗ ಹೇಳ್ರಿ, ನಾ ಯಾವ ಬಣ್ಣ ಅದೀನಿ?"

ನಾನು ರೊಟ್ಟಿ ಹಂಚಿನ ಬಣ್ಣದವನು, ತಳಭಾಗದ್ದು. ಚನ್ನಬಸಪ್ಪನವರು ನನ್ನ ಹಣೆಯಿಂದ ಗದ್ದದವರೆಗೆ ಬಹಳ ಹೊತ್ತು ಪರೀಕ್ಷೆ ಮಾಡಿದರು. ಅವರ ನಗು ನಿಧಾನಕ್ಕೆ ಇಳಿಯಿತು. ಅವರು ಬೇರಿನ ಚೀಲದ ಮೇಲೆ ಕೂತರು.

"ಹಂಗಾರ ಅವತ್ತು... ಆಕಿ ಪರೀಕ್ಷಿ?"

"ಬರೀಬೋದಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಮೊಣಕಾಲಿಗೆ ಕೈಯೂರಿ ಎದ್ದು, "ನಡೀರಿ, ಅಂಗಡಿ ಬಾಗಲಾ ಹಾಕ್ರಿ. ಇದನ್ನ ನಾ ಹೋಗಿ ಹೇಳಾಕ ಆಗಂಗಿಲ್ಲ. ಹಡಗಲಿಗೆ ನೀವ ಬರ್ರಿ" ಎಂದರು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು.

ಸುಮಂಗಲಾ ಪಡಸಾಲೆಯಲ್ಲಿ ಕೂತು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಳು. ಒಳಕೋಣೆಯ ಬಾಗಿಲಿಗೆ ಅಶ್ವಿನಿ ಆತುಕೊಂಡು ನಿಂತಿದ್ದಳು — ಕಣ್ಣು ಊದಿದ್ದವು. ನಾನು ನಿಂತೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಆಕೆಯ ಬೆರಳುಗಳು ನಿಲ್ಲಲಿಲ್ಲ. ಮುಗಿದ ಮೇಲೆ ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ನಾ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ ಕಾಕಾ?"

"ಗೊತ್ತಿತ್ತವ್ವ."

ದಾರ ಕಡಿದಳು. ಚನ್ನಬಸಪ್ಪನವರು ಜೇಬಿನಿಂದ ಹಾಲ್ ಟಿಕೆಟ್ಟು ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ತೀಡಿ, ಮೊಮ್ಮಗಳ ಕಡೆ ಚಾಚಿದರು. ಹುಡುಗಿ ಅದನ್ನು ಕಸಿದುಕೊಂಡು ಒಳಗೆ ಓಡಿದಳು. ಸುಮಂಗಲಾ ಆಗ ಎದ್ದು ಅಡುಗೆ ಮನೆಗೆ ಹೋಗಿ ಎರಡು ತಾಟು ತಂದಳು. ರೊಟ್ಟಿ, ಪಕ್ಕದಲ್ಲಿ ಗುಡ್ಡೆಯಾಗಿ ಪುಂಡಿಪಲ್ಯ.

"ಉಣ್ರಿ. ಪಥ್ಯ ಏನಿಲ್ಲಲ್ಲ?" ಎಂದಳು.

ಉಂಡೆ. ಹುಳಿ ಹಲ್ಲಿಗೆ ಹತ್ತಿತು, ಕಣ್ಣಲ್ಲಿ ನೀರು ಬಂತು. ಹುಳಿಯ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಎಂದು ಲೆಕ್ಕ ಹಾಕಲು ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಎದೆ ಹಗುರಾಗಿ, ನಾಚಿಕೆಯಿಲ್ಲದೆ ಇನ್ನೊಂದು ರೊಟ್ಟಿ ಕೇಳಿದೆ. ಆಕೆ ಹಾಕಿದಳು. ಕ್ಷಮಿಸಿದಳೆಂದು ನಾನು ಹೇಳುತ್ತಿಲ್ಲ — ಊಟಕ್ಕೆ ಹಾಕಿದಳು, ಅಷ್ಟೇ ನನಗೆ ಗೊತ್ತಿರುವುದು.

ಲೇಹ್ಯವನ್ನು ಈಗಲೂ ಕಾಯಿಸುತ್ತೇನೆ. ಡಬ್ಬಿಯ ಮೇಲಿನ ಹೆಣ್ಣು ನಿವೃತ್ತಳಾಗಿದ್ದಾಳೆ, ಕೇಸರಿಯೂ ಹೋಯಿತು. 'ಹೊಟ್ಟೆ ಕಟ್ಟಿದವರಿಗೆ' ಎಂದಷ್ಟೇ ಬರೆಸಿದ್ದೇನೆ. ಪಥ್ಯ ಕೇಳಿದವರಿಗೆ ಹುಳಿ ಒಂಚೂರು ಕಡಿಮಿ ಮಾಡ್ರಿ ಎನ್ನುತ್ತೇನೆ. ಮಾರ್ಚ್ ತಿಂಗಳಲ್ಲಿ ಹುಡುಗಿಯರು ಹಾದು ಹೋಗುವಾಗ ಕೌಂಟರಿನಲ್ಲೇ ಕೂತಿರುತ್ತೇನೆ. ಚೀಲಗಳು ಅಸ್ತವ್ಯಸ್ತವಾಗಿವೆ.

ಅಶ್ವಿನಿ ಆ ವರ್ಷ ಬಿಸಿಲಲ್ಲಿ ಹೋಗಿ ಪರೀಕ್ಷೆ ಬರೆದು ಪಾಸಾದಳು. ಸುಮಂಗಲಾಳ ಪಿ.ಯು.ಸಿ. ಇಂದಿಗೂ ಮುಗಿದಿಲ್ಲ.