ಭಾವನ ಫ್ರಿಜ್ಜಿನ ಪೆಪ್ಟೈಡ್

ಕಳೆದ ಭಾನುವಾರ ಮುಂಬೈ ಹತ್ತಿರದ ಡೊಂಬಿವಲಿಯ ಅಕ್ಕನ ಮನೆಯಲ್ಲಿ ಮಜ್ಜಿಗೆಗೆಂದು ಫ್ರಿಜ್ ತೆರೆದೆ. ದೋಸೆ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಒಂದು ಪುಟ್ಟ ಸ್ಪ್ರೇ ಬಾಟಲಿ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ.

"ಇದೆಂತ ಭಾವ?"

"ಪೆಪ್ಟೈಡ್. ಆನ್‌ಲೈನಲ್ಲಿ ತರಿಸಿದ್ದು. ಮೂಗಿಗೆ ಬಿಟ್ರೆ ನೆನಪು ಚುರುಕಾಗ್ತದಂತೆ, ಮೆದುಳಿಗೂ ರಕ್ಷಣೆಯಂತೆ. ನಾಳೆಯಿಂದ ಶುರು."

ಭಾವ ಸ್ಟೇಷನ್ ಹತ್ತಿರ ಹೋಟೆಲ್ ನಡೆಸುವವರು. ಶನಿವಾರ ಸಂಜೆ ಮಾತ್ರ ಯಕ್ಷಗಾನ ತಾಳಮದ್ದಳೆಯ ಅರ್ಥಧಾರಿ. ಅಲ್ಲಿ ವೇಷವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹಾಡಿದ ಮೇಲೆ ಕುಳಿತಲ್ಲೇ ವಾದ ಹೂಡಬೇಕು. ಎದುರಾಳಿಗಳಿಗೆ ಭಾವನೆಂದರೆ ಭಯ. (ಹೋಟೆಲಿನ ಸಪ್ಲೈಯರ್‌ಗಳಿಗೂ.)

ಹೋದ ತಿಂಗಳು ನಡೆದ ಕೂಟದಲ್ಲಿ ಭಾವ ವಾಕ್ಯದ ನಡುವೆಯೇ ನಿಂತುಬಿಟ್ಟರು. ಎದುರು ಕುಳಿತದ್ದು ಹಳೆಯ ಗೆಳೆಯ. ಅವರು ಉತ್ತರವನ್ನೇ ಒಳಗಿಟ್ಟ ಒಂದು ಪ್ರಶ್ನೆ ಕೇಳಿ ಭಾವನನ್ನು ದಡ ಸೇರಿಸಿದರು. ಸಭೆಗೆ ಗೊತ್ತಾಗಲಿಲ್ಲ. ಭಾವನಿಗೆ ಗೊತ್ತಾಯಿತು. ಕೊನೆಗಾಲದಲ್ಲಿ ತನ್ನನ್ನೇ ಗುರುತಿಸದ ಅಮ್ಮ ನೆನಪಾದರಂತೆ.

"ನನಗೂ ಅದೇ ಬರ್ತಾ ಉಂಟು ಮಾರಾಯ" ಎಂದರು. ಕೇಳಿ ಸಂಕಟವಾಯಿತು.

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಣುಕು. ಲ್ಯಾಬಿನಲ್ಲಿ ಕೃತಕವಾಗಿ ತಯಾರಿಸಿ, ಮೆದುಳಿಗೆ ಒಳಿತಾದೀತೇ ಎಂದು ಪರೀಕ್ಷಿಸುತ್ತಿದ್ದಾರೆ. ಒಳ್ಳೆಯದೇ. ಮುಂದೆ ನಿಜವಾದ ಮದ್ದು ಬಂದರೆ ನಾನೂ ಕ್ಯೂ ನಿಲ್ಲುವವನೇ. ಆದರೆ ಇವತ್ತು? ಬಹಳಷ್ಟು ಪ್ರಯೋಗ ಇನ್ನೂ ಇಲಿಗಳ ಮೇಲೇ ಇದೆ. ಈ ಬಾಟಲಿಯೊಳಗೆ ಏನಿದೆ ಎಂದು ಯಾರು ನೋಡಿದ್ದಾರೆ? ವಾದಕ್ಕೆ ಕುಳಿತರೆ ದೇವರನ್ನೂ ಬಿಡದ ಭಾವ, ವೆಬ್‌ಸೈಟಿಗೆ ಮಾತ್ರ ಒಂದೇ ಒಂದು ಪ್ರಶ್ನೆ ಹಾಕಿರಲಿಲ್ಲ.

"ಮೊದಲು ಡಾಕ್ಟರಿಗೆ ತೋರಿಸುವ. ಬಿ-ಟ್ವೆಲ್ವ್, ಥೈರಾಯ್ಡ್, ನಿದ್ದೆ, ಎಂತದ್ದೂ ಇರಬಹುದು" ಎಂದೆ.

"ಹೋದ್ರೆ ಅವರು ಕಾಯಿಲೆಯ ಹೆಸರು ಹೇಳಿಬಿಡ್ತಾರೆ."

ಅಕ್ಕ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಹೇಳ್ಲಿ. ನೀವೊಬ್ರೇ ಕೇಳುವುದು ಬೇಡ, ನಾನೂ ಬರ್ತೇನೆ."

ನಾನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ, ಭಾವ ತಡೆಯಲಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟಿಗೆ ಮಾತ್ರ ಇನ್ನೂ ಹೂಂ ಎಂದಿಲ್ಲ.

ಮುಖ ಕಾಣದವರ ಪ್ರಯೋಗಕ್ಕೆ ಇಲಿಯಾಗಲು ಹೆದರದ ನಾವು, ಡಾಕ್ಟರ ಮುಂದೆ ರೋಗಿಯಾಗಲು ಯಾಕಿಷ್ಟು ಹೆದರುತ್ತೇವೆ?