ಕುದುರೆ ಮನೆಯಲ್ಲಿ ಕುದುರೆ

ಕಳೆದ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ತಿ. ನರಸೀಪುರದ ಒಂದು ಶಾಲೆಯ ಹಾಲ್, ಚೆಸ್ ಟೂರ್ನಮೆಂಟಿನ ಕೊನೆಯ ದಿನ. ನಂಜನಗೂಡಿನ ನಮ್ಮ ಚೆಸ್ ಕ್ಲಬ್ಬಿನಿಂದ ಹಾಜರಿದ್ದವರು ನಾಗಣ್ಣ ಮತ್ತು ನಾನು. (ಇನ್ನಾರೂ ಬರಲಿಲ್ಲ.)

ನಾಗಣ್ಣ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವವನು. ವಯಸ್ಸು ಐವತ್ತರ ಹತ್ತಿರ. ಕೊನೆಯ ಆಟ ಗೆದ್ದರೆ ಜಿಲ್ಲಾ ತಂಡದಲ್ಲಿ ಜಾಗ. ಡ್ರಾ ಆದರೆ ಸಾಲದು.

"ಗೆದ್ರೆ ನಮ್ ಸಾವ್ಕಾರ್ರಿಗೆ ಎದ್ರುಗೇ ಯೋಳ್ತೀನಿ ಮೇಷ್ಟ್ರೇ, ಒಂದ್ ವಾರ ಅಂಗ್ಡಿಗೆ ಬರಾಕಿಲ್ಲ ಅಂತ!" ಬಸ್ಸಿನಲ್ಲೇ ಹೇಳಿದ್ದ.

ಅವನು ಆಟ ಕಲಿತದ್ದು ತನ್ನ ಹಳ್ಳಿ ಹೆಮ್ಮರಗಾಲದ ಜಗುಲಿಯಲ್ಲಿ, ಅಪ್ಪನಿಂದ. ಅಲ್ಲಿ ಕಾಲಾಳು ಎದುರು ತುದಿ ಮುಟ್ಟಿದರೆ, ಅದು ಯಾವ ಕಾಯಿಯ ಮನೆಯೋ ಆ ಕಾಯಿಯೇ ಆಗಬೇಕು. ಆನೆ ಮನೆಯಲ್ಲಿ ಆನೆ, ಕುದುರೆ ಮನೆಯಲ್ಲಿ ಕುದುರೆ. ಟೂರ್ನಮೆಂಟಿನಲ್ಲಿ ಹಾಗಲ್ಲ. ಯಾವ ಮನೆ ಮುಟ್ಟಿದರೂ ಮಂತ್ರಿಯನ್ನೇ ತೆಗೆದುಕೊಳ್ಳಬಹುದು.

ಎರಡು ವರ್ಷದ ಹಿಂದೆ ಕ್ಲಬ್ಬಿಗೂ ಈ ಹೊಸ ರೂಲ್‌ಗಳನ್ನು ತಂದೆವು. ಮುಟ್ಟಿದ ಕಾಯಿ ನಡೆಸಲೇಬೇಕು. ನೋಡುವವರು ಬಾಯಿ ಬಿಡಕೂಡದು. ಹಳಬರು ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. (ಬಾಯಿ ಮುಚ್ಕೊಂಡು ಕೂರೋಕೆ ಇಲ್ಲಿಗ್ಯಾಕೆ ಬರಬೇಕು, ಎಂದರು.) ನಾಗಣ್ಣ ಮಾತ್ರ ಪ್ರತಿ ಭಾನುವಾರ ಹೊತ್ತಿಗೆ ಸರಿಯಾಗಿ ಬಂದ. ಕಲಿತ. ಚೆನ್ನಾಗಿಯೇ ಕಲಿತ.

ಮಧ್ಯಾಹ್ನ ಮೂರು. ಕೊನೆಯ ಆಟ. ಎದುರಿಗೆ ಅದೇ ಊರಿನ ಬ್ಯಾಂಕ್ ಗುಮಾಸ್ತ. ಅವರಲ್ಲಿ ಉಳಿದದ್ದು ಬರೀ ರಾಜ. ನಾಗಣ್ಣನಿಗೆ ರಾಜ ಮತ್ತು ಒಂದು ಕಾಲಾಳು. ಕಾಲಾಳು ಕುದುರೆಯ ಮನೆ ಮುಟ್ಟಿತು. ಇನ್ನೇನು? ಮಂತ್ರಿ ಇಟ್ಟರೆ ಗೆದ್ದ ಹಾಗೆ.

ಆಟದ ಗಡಿಯಾರದಲ್ಲಿ ಅವನಿಗೆ ಒಂದು ನಿಮಿಷವೂ ಉಳಿದಿರಲಿಲ್ಲ. ನಾಗಣ್ಣನ ಕೈ ಸರ್ರನೆ ಹೊರಗಿನ ಕಾಯಿಗಳತ್ತ ಹೋಯಿತು. ನೇರ ಕುದುರೆಯ ಕಡೆಗೆ. ಅದಲ್ಲ, ಮಂತ್ರಿ, ಎನ್ನಬೇಕೆಂದುಕೊಂಡೆ. ಆದರೆ ನೋಡುವವನು ಬಾಯಿ ಬಿಡುವಂತಿಲ್ಲವಲ್ಲ!

ಕುದುರೆ ಇಟ್ಟ. ಗಡಿಯಾರ ಒತ್ತಿದ.

ಒಂದೇ ಕುದುರೆಯಿಂದ ರಾಜನನ್ನು ಕಟ್ಟಲಾಗದು. ತೀರ್ಪುಗಾರರು ಅಲ್ಲೇ "ಡ್ರಾ" ಎಂದರು.

"ಏನ್ ನಾಗಣ್ಣಾರೇ, ಮಂತ್ರಿಗಿರಿ ಬ್ಯಾಡ ಅಂತ ಕುದ್ರೆ ಏರ್ಬುಟ್ರಾ?" ಗುಮಾಸ್ತರು ನಕ್ಕರು. ನಾಗಣ್ಣ ಆ ಕುದುರೆಯನ್ನೇ ನೋಡುತ್ತಿದ್ದ.

ವಾಪಸ್ ಬಸ್ಸಿನಲ್ಲಿ ಹೇಳಿದ. "ಮಂತ್ರೀನೇ ಎತ್ಬೇಕು ಅಂತ ಗೊತ್ತಿತ್ತು ಮೇಷ್ಟ್ರೇ. ಕೈ ಎಲ್ಲಿ ಕೇಳ್ತು?"

"ಮುಂದಿನ ವರ್ಷ ಇದೆಯಲ್ಲೋ."

"ಸಾಕು ಬುಡಿ. ಊರಿಗೋಗಿ ಅಪ್ಪನ ಆಟಾನೇ ಆಡವಾ ಅಂದ್ರೆ ಅದೂ ಕೆಟ್ಟೋಯ್ತು. ಈಗ ಅಲ್ಲಿ ಕುಂತ್ರೆ ಮಂತ್ರಿ ಎತ್ತಾಕೋಯ್ತೀನಿ. ಎಲ್ರೂ ನಗ್ತಾರೆ."

 

ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅವನು ಅಂಗಡಿಯ ಕಡೆ ಹೋದ. (ಸಾಹುಕಾರರು ಕೊಟ್ಟಿದ್ದ ರಜೆ ಸಂಜೆಯವರೆಗೆ ಮಾತ್ರ.) ನಾನು ಕ್ಲಬ್ಬಿಗೆ ಹೋಗಿ ಟೂರ್ನಮೆಂಟಿಗೆ ಒಯ್ದಿದ್ದ ಕ್ಲಬ್ಬಿನ ಗಡಿಯಾರವನ್ನು ಬೀರುವಿನಲ್ಲಿಟ್ಟೆ. ಬೆಂಚುಗಳನ್ನು ಸಾಲಾಗಿ ಜೋಡಿಸಿದೆ. ಕಿಟಕಿ ಮುಚ್ಚಿದೆ. ಆರೂವರೆಗೆ ಬೀಗ ಹಾಕಿದೆ.

ನಮ್ಮ ಕ್ಲಬ್ಬಿನಲ್ಲಿ ಈಗ ಎಲ್ಲವೂ ರೂಲ್ ಪ್ರಕಾರವೇ ಇದೆ, ಆಡುವುದಕ್ಕೆ ಯಾರಿದ್ದಾರೆ?